ನುಂಗಿದ್ದೆಲ್ಲ ದಕ್ಕೀತೆ?

ಚಿಕ್ಕಮಗಳೂರು ಸೀಮೆಯ ಒಂದು ಸಂಸಾರವೆಂದು ಇಟ್ಟುಕೊಳ್ಳಿ. ಗಂಡ ಸಹಕಾರ ಸಂಘದಲ್ಲಿ ಗುಮಾಸ್ತ. ಹೆಂಡತಿ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿ. ಮಕ್ಕಳು ಇಬ್ಬರು. ಕಿರಿಯ ಕೂಸು ಶಸ್ತ್ರಕ್ರಿಯೆಯಿಂದ ಹುಟ್ಟಿದ್ದು. ಅದಕ್ಕೆ ಈಗ ಒಂದು ವರ್ಷ ತುಂಬಿದೆ. ಬಾಣಂತಿತನದಲ್ಲಿ ರಕ್ತ ಸಾಲದೆ ತಾಯಿ ಬಹಳ ಬಳಲಿದ್ದಳು. ಆಸ್ಪತ್ರೆಯಿಂದ ಕಳುಹಿಸಿಕೊಡುವಾಗ ಡಾಕ್ಟರಮ್ಮ, "ಇನ್ನು ಎರಡು ವರ್ಷವಾದರೂ ಮತ್ತೊಂದು ಬಸಿರಿನ ಮಾತು ಬೇಡಮ್ಮ. ಮೈಯಲ್ಲಿ ರಕ್ತ ಕೂಡಿಕೊಳ್ಳಲಿ, ಒಳಗಿನ ಹೊಲಿಗೆ ಗಟ್ಟಿಯಾಗಲಿ" ಎಂದು ಒತ್ತಿ ಹೇಳಿದ್ದರು. ಕೂಸಿಗೆ ಆರು ತಿಂಗಳು ಕಳೆದ ಮೇಲೆ, ಅವರ ಸಲಹೆಯಂತೆಯೇ ಆಕೆ ಆರೋಗ್ಯ ಕೇಂದ್ರದಿಂದ ಗರ್ಭನಿರೋಧಕ ಗುಳಿಗೆಯನ್ನು ತಂದು, ದಿನವೂ ಬೆಳಗಿನ ಕಾಫಿಯ ಹೊತ್ತಿಗೆ ತಪ್ಪದೆ ನುಂಗುತ್ತಿದ್ದಳು.

ಹೀಗಿರಲು ಬೆಳ್ತಂಗಡಿಯಲ್ಲಿ ಬಂಧುಗಳ ಮನೆಯ ಮದುವೆ ಬಂದಿತು. ಹೊಸ ಪಟ್ಟಿಯಲ್ಲಿ ಆಗಿನ್ನೂ ಎರಡು ಗುಳಿಗೆ ಮುಗಿದಿದ್ದುವು. ಮೂರನೆಯದನ್ನು ಬೆಳಗಿನ ಜಾವ ಐದೂವರೆಗೆ ನುಂಗಿ, ಆರು ಗಂಟೆಯ ಬಸ್ಸು ಹತ್ತಿದಳು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯ ತಿರುವುಗಳು ಮೊದಲಾಗುತ್ತಲೇ ಹೊಟ್ಟೆ ತೊಳಸಿತು. ಕುಡಿದ ಕಾಫಿಯೆಲ್ಲ ಕಿಟಕಿಯಿಂದ ಹೊರಗೆ ಹೋಯಿತು. ಮದುವೆ ಮುಗಿಸಿ ಹಿಂದಿರುಗಿದ ರಾತ್ರಿಯೇ ಭೇದಿ ಹಿಡಿಯಿತು. ಮೂರು ದಿನ ಬರಿಯ ನೀರಾಗಿ ಹೋಯಿತು, ನಡುನಡುವೆ ವಾಂತಿ. ಅಷ್ಟರಲ್ಲಿಯೂ ಆಕೆ ಗುಳಿಗೆಯನ್ನು ಬಿಡಲಿಲ್ಲ. ಗಂಜಿಯನ್ನು ಒಲ್ಲೆನೆಂದಳೇ ಹೊರತು ಗುಳಿಗೆಯನ್ನು ಒಲ್ಲೆನೆನ್ನಲಿಲ್ಲ. ನಾಲ್ಕನೆಯ ದಿನ ಚೇತರಿಸಿಕೊಂಡು ಶಾಲೆಗೆ ಹೊರಟಳು.

ಆರು ವಾರ ಕಳೆಯಿತು. ಬೆಳಿಗ್ಗೆ ಎದ್ದರೆ ಓಕರಿಕೆ. "ಮದುವೆಯ ಊಟದ ಅಜೀರ್ಣ ಇನ್ನೂ ಹೋಗಿಲ್ಲ" ಎಂದು ಅತ್ತೆ ಓಮದ ಕಷಾಯ ಮಾಡಿಕೊಟ್ಟರು. ಕಷಾಯಕ್ಕೆ ಬಗ್ಗದ ಓಕರಿಕೆಯ ಕಾರಣ ಡಾಕ್ಟರಮ್ಮನ ಪರೀಕ್ಷೆಯಲ್ಲಿ ಹೊರಬಿದ್ದಿತು. ಬಸಿರು ನಿಂತಿತ್ತು. "ಒಂದೆರಡು ದಿನ ಮರೆತಿರಬೇಕು ನೀನು" ಎಂದ ಗಂಡ. ಆಕೆ ಮಾತನಾಡದೆ ಒಳಗೆ ಹೋಗಿ, ಆ ತಿಂಗಳ ಖಾಲಿ ಪಟ್ಟಿಯನ್ನು ತಂದು ಆತನ ಮುಂದಿಟ್ಟಳು. ಅದರಲ್ಲಿ ಒಂದು ಗುಳಿಗೆಯೂ ಉಳಿದಿರಲಿಲ್ಲ.

ಈ ಸಂಸಾರ ಕಲ್ಪನೆಯದು. ಆದರೆ ಇದರಲ್ಲಿ ನಡೆದುದು ಯಾವ ಮನೆಯಲ್ಲಿಯೂ ನಡೆಯಬಹುದಾದುದು. ಆಕೆ ಮರೆತಿರಲಿಲ್ಲ, ಗುಳಿಗೆಯೂ ಸುಳ್ಳಲ್ಲ. ನುಂಗಿದ ಗುಳಿಗೆ ಬೇರೆ, ಮೈಗೆ ದಕ್ಕಿದ ಗುಳಿಗೆ ಬೇರೆ ಎಂಬ ಸಣ್ಣ ಸಂಗತಿಯನ್ನು ಆಕೆಗೆ ಯಾರೂ ತಿಳಿಸಿರಲಿಲ್ಲ, ಅಷ್ಟೆ. "ಉಂಡದ್ದು ದಕ್ಕಬೇಕು" ಎಂದು ಹಿರಿಯರು ಅನ್ನದ ವಿಷಯದಲ್ಲಿ ಹೇಳುವ ಮಾತು ಔಷಧಿಗೂ ಸಲ್ಲುತ್ತದೆ. ಹೊಟ್ಟೆ ಕೆಟ್ಟ ದಿನಗಳಲ್ಲಿ ಗರ್ಭನಿರೋಧಕ ಗುಳಿಗೆಯನ್ನು ನುಂಗಿದವರು ಅದನ್ನು ಮರೆತವರ ಸ್ಥಿತಿಯಲ್ಲಿಯೇ ಇರಬಹುದು. ಆ ದಿನಗಳಲ್ಲಿ ಮಾಡತಕ್ಕದ್ದೇನು ಎಂಬುದನ್ನು ಗುಳಿಗೆ ತೆಗೆದುಕೊಳ್ಳುವವರೂ ಅವರ ಮನೆಯವರೂ ತಿಳಿದಿರುವುದು ಅಗತ್ಯ.

ಗುಳಿಗೆಯ ಪ್ರಯಾಣ

ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುವ ಮಾಲಾ-ಎನ್ ಎಂಬ ಪಟ್ಟಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ 28 ಗುಳಿಗೆಗಳುಂಟು. ಮೊದಲ 21 ಬಿಳಿಯ ಗುಳಿಗೆಗಳಲ್ಲಿ ಹಾರ್ಮೋನುಗಳಿವೆ: ಒಂದೊಂದರಲ್ಲಿಯೂ ಲಿವೊನಾರ್ಜೆಸ್ಟ್ರೆಲ್ ಎಂಬುದು 0.15 ಮಿಲಿಗ್ರಾಂ, ಎಥಿನೈಲ್ ಈಸ್ಟ್ರಡಯೋಲ್ ಎಂಬುದು 0.03 ಮಿಲಿಗ್ರಾಂ. ಕೊನೆಯ ಏಳು ಬಣ್ಣದ ಗುಳಿಗೆಗಳು ಕಬ್ಬಿಣಾಂಶದವು. ರಕ್ತವೃದ್ಧಿಗೂ ಅಭ್ಯಾಸ ತಪ್ಪದಿರುವುದಕ್ಕೂ ಇರತಕ್ಕವು. ಅವುಗಳಿಗೆ ಗರ್ಭವನ್ನು ತಡೆಯುವ ಗುಣವಿಲ್ಲ.

ನುಂಗಿದ ಗುಳಿಗೆ ಜಠರದಲ್ಲಿ ಒಡೆದು ಕರಗುತ್ತದೆ. ಆದರೆ ಅದರ ಸಾರ ರಕ್ತಕ್ಕೆ ಸೇರುವುದು ಮುಖ್ಯವಾಗಿ ಜಠರದಲ್ಲಲ್ಲ; ಅದರ ಮುಂದಿನ ಸಣ್ಣ ಕರುಳಿನ ಮೇಲುಭಾಗದಲ್ಲಿ. ಅಲ್ಲಿಂದ ಹೊರಟ ರಕ್ತ ಮೊದಲು ಯಕೃತ್ತನ್ನು ಹೊಕ್ಕು, ಬಳಿಕ ಮೈಯೆಲ್ಲ ಹರಡುತ್ತದೆ. ಕರುಳಿನ ಗೋಡೆ ಮತ್ತು ಯಕೃತ್ತು ಇವೆರಡೂ ಸುಂಕದ ಕಟ್ಟೆಗಳಿದ್ದಂತೆ. ಲಿವೊನಾರ್ಜೆಸ್ಟ್ರೆಲ್ ಹೆಚ್ಚಿನ ಸುಂಕವಿಲ್ಲದೆ ದಾಟುತ್ತದೆ. ಎಥಿನೈಲ್ ಈಸ್ಟ್ರಡಯೋಲಿನಲ್ಲಾದರೋ ಅರ್ಧಕ್ಕಿಂತ ಹೆಚ್ಚು ಭಾಗ ಅಲ್ಲಿಯೇ ಕಳೆದುಹೋಗಿ, ಉಳಿದುದು ಮಾತ್ರ ಮುಂದೆ ಸಾಗುತ್ತದೆ. ಹೊಟ್ಟೆ ಸರಿಯಾಗಿರುವ ದಿನದ ಲೆಕ್ಕವೇ ಇದು.

ಈ ಪ್ರಯಾಣದ ಮೊದಲ ಘಟ್ಟಕ್ಕೆ ಸಾಮಾನ್ಯವಾಗಿ ಎರಡು ಮೂರು ಗಂಟೆಗಳ ಕಾಲ ಹಿಡಿಯುತ್ತದೆ. ಅಷ್ಟರೊಳಗೆ ವಾಂತಿಯಾದರೆ ಗುಳಿಗೆಯ ಎಷ್ಟು ಭಾಗ ಒಳಗುಳಿಯಿತು, ಎಷ್ಟು ಹೊರಬಿದ್ದಿತು ಎಂಬುದನ್ನು ಕಂಡವರಾರೂ ಇಲ್ಲ. ಅತಿಸಾರದಲ್ಲಿ ಅಪಾಯ ಬೇರೊಂದು ರೀತಿಯದು. ಕರುಳು ಹೊಳೆಯಂತೆ ಹರಿಯತೊಡಗಿದಾಗ, ಸಾರವನ್ನು ಹೀರಿಕೊಳ್ಳುವಷ್ಟು ಹೊತ್ತು ಗುಳಿಗೆ ಅಲ್ಲಿ ನಿಲ್ಲದೆ ಹೋಗಬಹುದು.

ಏಳು ದಿನದ ಲೆಕ್ಕ

ಒಂದೆರಡು ಗುಳಿಗೆ ದಕ್ಕದಿದ್ದರೆ ಏನಾದೀತು ಎಂಬುದನ್ನು ತಿಳಿಯಬೇಕಾದರೆ, ಗುಳಿಗೆ ಗರ್ಭವನ್ನು ತಡೆಯುವ ಬಗೆಯನ್ನು ಅರಿಯಬೇಕು. ತಲೆಯೊಳಗಿನ ಪಿಟ್ಯುಟರಿ ಎಂಬ ಗ್ರಂಥಿ ಪ್ರತಿ ತಿಂಗಳೂ ಅಂಡಾಶಯಕ್ಕೆ ಅಪ್ಪಣೆ ಕಳುಹಿಸುತ್ತದೆ; ಆ ಅಪ್ಪಣೆಯಂತೆ ಅಲ್ಲಿ ಅಂಡಾಣುವೊಂದು ಬೆಳೆದು ಹೊರಬರುತ್ತದೆ. ದಿನದಿನವೂ ರಕ್ತದಲ್ಲಿ ಗುಳಿಗೆಯ ಹಾರ್ಮೋನು ಇರುವಷ್ಟು ಕಾಲ ಪಿಟ್ಯುಟರಿ ಮೌನವಾಗಿರುತ್ತದೆ. ಜೊತೆಗೆ ಗರ್ಭಕೋಶದ ಬಾಯಲ್ಲಿರುವ ಲೋಳೆ ಮಂದವಾಗಿ ವೀರ್ಯಾಣುಗಳಿಗೆ ದಾರಿ ಬಿಡುವುದಿಲ್ಲ.

ಈ ಮೌನವನ್ನು ಗಟ್ಟಿಗೊಳಿಸಲು ಹಾರ್ಮೋನು ಗುಳಿಗೆಗಳನ್ನು ಸತತವಾಗಿ ಏಳು ದಿನ ತೆಗೆದುಕೊಳ್ಳಬೇಕು. ಅನಂತರ ಏಳು ದಿನ ಬಿಟ್ಟರೂ ಅದು ಉಳಿದಿರುತ್ತದೆ. ಪ್ರತಿ ತಿಂಗಳೂ ಕಬ್ಬಿಣದ ಗುಳಿಗೆಯ ಏಳು ದಿನಗಳಲ್ಲಿ ಗರ್ಭ ನಿಲ್ಲದಿರುವುದು ಇದರಿಂದಲೇ. ಆದರೆ ಆ ವಾರದಲ್ಲಿ ಅಂಡಾಶಯ ಮೆಲ್ಲಗೆ ಎಚ್ಚರಗೊಳ್ಳುತ್ತಿರುತ್ತದೆ. ಎಂಟನೆಯ ದಿನ ಹೊಸ ಪಟ್ಟಿಯ ಮೊದಲ ಗುಳಿಗೆ ಬಿದ್ದು ಅದನ್ನು ಮತ್ತೆ ಮಲಗಿಸಬೇಕು. ಏಳು ದಿನದ ಬಿಡುವು ಒಂಬತ್ತೋ ಹತ್ತೋ ದಿನಕ್ಕೆ ಬೆಳೆದರೆ ಅಂಡಾಣು ಹೊರಬರುವ ಸಂಭವ ಹೆಚ್ಚುತ್ತದೆ.

ಆದುದರಿಂದ, ಪಟ್ಟಿಯ ನಡುವೆ ಬಂದ ಹೊಟ್ಟೆಯ ಕಾಯಿಲೆಗಿಂತ ಪಟ್ಟಿಯ ಮೊದಲ ವಾರದಲ್ಲಿ ಅಥವಾ ಬಿಳಿಯ ಗುಳಿಗೆಗಳ ಕೊನೆಯ ವಾರದಲ್ಲಿ ಬಂದುದು ಹೆಚ್ಚು ಅಪಾಯಕಾರಿ. ಮೇಲೆ ಹೇಳಿದ ಉಪಾಧ್ಯಾಯಿನಿಯ ಸ್ಥಿತಿಯನ್ನು ನೋಡಿ: ಏಳು ದಿನದ ಬಿಡುವು, ಎರಡು ದಿನ ಗುಳಿಗೆ, ಮತ್ತೆ ನಾಲ್ಕು ದಿನ ಇದ್ದೂ ಇಲ್ಲದಂತಾದ ಗುಳಿಗೆ. ಮಲಗಲು ಕಣ್ಣು ಮುಚ್ಚುತ್ತಿದ್ದ ಅಂಡಾಶಯವನ್ನು ಘಾಟಿಯ ತಿರುವೂ ಮೂರು ದಿನದ ಭೇದಿಯೂ ಸೇರಿ ಎಬ್ಬಿಸಿಬಿಟ್ಟುವು.

ಹಿಂದಿನ ಗುಳಿಗೆ, ಇಂದಿನ ಗುಳಿಗೆ

ಈ ಗುಳಿಗೆಗೆ ತನ್ನದೇ ಆದ ಇತಿಹಾಸವುಂಟು. 1951ರಲ್ಲಿ ಮೆಕ್ಸಿಕೊ ನಗರದ ಸಿಂಟೆಕ್ಸ್ ಎಂಬ ಸಂಸ್ಥೆಯ ಪ್ರಯೋಗಾಲಯದಲ್ಲಿ ನಾರ್‌ಎಥಿಸ್ಟೆರೋನ್ ಎಂಬ ಕೃತಕ ಹಾರ್ಮೋನು ತಯಾರಾಯಿತು. ಅದಕ್ಕೆ ಮೂಲಸಾಮಗ್ರಿ ದೊರೆತುದು ಅಲ್ಲಿಯ ಕಾಡುಗೆಣಸಿನಿಂದ. ಅಮೆರಿಕದ ವಿಜ್ಞಾನಿ ಗ್ರೆಗರಿ ಪಿಂಕಸ್ ಮತ್ತು ವೈದ್ಯ ಜಾನ್ ರಾಕ್ ಇವರ ಪ್ರಯತ್ನದಿಂದ 1956ರಲ್ಲಿ ಪೋರ್ಟೊ ರಿಕೊ ದ್ವೀಪದಲ್ಲಿ ದೊಡ್ಡ ಪ್ರಮಾಣದ ಪರೀಕ್ಷೆಗಳು ಮೊದಲಾದುವು. 1960ರಲ್ಲಿ ಎನೊವಿಡ್ ಎಂಬ ಗುಳಿಗೆಗೆ ಅಮೆರಿಕದಲ್ಲಿ ಗರ್ಭನಿರೋಧಕವೆಂದು ಸರ್ಕಾರದ ಮನ್ನಣೆ ದೊರೆಯಿತು.

ಆ ಮೊದಲ ಗುಳಿಗೆಯಲ್ಲಿ ಒಂದು ಹಾರ್ಮೋನು ಸುಮಾರು 10 ಮಿಲಿಗ್ರಾಂ ಇತ್ತು. ಈಸ್ಟ್ರೊಜೆನ್ ಜಾತಿಯದು 0.15 ಮಿಲಿಗ್ರಾಂ. ಇಂದಿನ ಮಾಲಾ-ಎನ್ ಗುಳಿಗೆಯ ಈಸ್ಟ್ರೊಜೆನ್ ತೂಕದಲ್ಲಿ ಅದರ ಐದರಲ್ಲೊಂದು ಪಾಲು ಮಾತ್ರ. ರಕ್ತ ಹೆಪ್ಪುಗಟ್ಟುವ ಅಪಾಯ, ತಲೆಸುತ್ತು, ಓಕರಿಕೆ ಇವುಗಳನ್ನು ಕಡಿಮೆ ಮಾಡಲು ವೈದ್ಯರು ಪ್ರಮಾಣವನ್ನು ವರ್ಷದಿಂದ ವರ್ಷಕ್ಕೆ ಇಳಿಸುತ್ತ ಬಂದರು. ಇದು ಸ್ತ್ರೀಯರಿಗೆ ಒಳ್ಳೆಯದೇ ಆಯಿತು. ಆದರೆ ಬೇಕಾದಷ್ಟನ್ನೇ ಅಳೆದು ಕೊಡುವ ಕಡೆ ಚೆಲ್ಲಲು ಮಿಗತೆಯಿರುವುದಿಲ್ಲ. ಇಂದಿನ ಗುಳಿಗೆ ಹಿಂದಿನದಕ್ಕಿಂತ ಕ್ಷೇಮಕರ. ಅದಕ್ಕಾಗಿಯೇ ಹಿಂದಿನದಕ್ಕಿಂತ ಹೆಚ್ಚು ಜೋಪಾನವನ್ನೂ ಬೇಡುತ್ತದೆ. ನಿಯಮ ತಪ್ಪದೆ ತೆಗೆದುಕೊಂಡರೆ ವರ್ಷದಲ್ಲಿ ಸಾವಿರ ಸ್ತ್ರೀಯರ ಪೈಕಿ ಸುಮಾರು ಮೂವರಿಗೆ ಮಾತ್ರ ಗರ್ಭ ನಿಲ್ಲುತ್ತದೆ. ಸಂಸಾರದ ತಾಪತ್ರಯಗಳ ನಡುವೆ, ಮರೆವು ಕಾಯಿಲೆಗಳೊಡನೆ ತೆಗೆದುಕೊಂಡಾಗ ಈ ಸಂಖ್ಯೆ ನೂರಕ್ಕೆ ಏಳರಷ್ಟಾಗುತ್ತದೆ.

ವಾಂತಿಯಾದರೆ

ಗುಳಿಗೆ ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಅದನ್ನು ಲೆಕ್ಕಕ್ಕೆ ಹಿಡಿಯದೆ ಇನ್ನೊಂದನ್ನು ತೆಗೆದುಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳುತ್ತದೆ. ಬ್ರಿಟನ್ನಿನ ವೈದ್ಯರು ಮೂರು ಗಂಟೆಯ ಲೆಕ್ಕವನ್ನು ಇಟ್ಟುಕೊಂಡಿದ್ದಾರೆ. ಮನೆಯಲ್ಲಿ ಪಾಲಿಸುವವರಿಗೆ ಮೂರು ಗಂಟೆಯೇ ಲೇಸು. ಒಂದು ಗುಳಿಗೆ ಹೆಚ್ಚಾದರೆ ಕೆಡುಕಿಲ್ಲ.

ಹೊಟ್ಟೆ ತಹಬಂದಿಗೆ ಬಂದ ಕೂಡಲೇ ಇನ್ನೊಂದು ಬಿಳಿಯ ಗುಳಿಗೆಯನ್ನು ನುಂಗಿ, ಮರುದಿನದ್ದನ್ನು ಎಂದಿನ ವೇಳೆಗೆ ತೆಗೆದುಕೊಳ್ಳಬೇಕು. ಈ ಹೆಚ್ಚಿನ ಗುಳಿಗೆಗಾಗಿ ಮನೆಯಲ್ಲಿ ಬೇರೊಂದು ಪಟ್ಟಿಯಿದ್ದರೆ ಅನುಕೂಲ. ನಡೆಯುತ್ತಿರುವ ಪಟ್ಟಿಯ ದಿನದ ಲೆಕ್ಕ ಕೆಡುವುದಿಲ್ಲ. ಇಲ್ಲವಾದರೆ ಅದೇ ಪಟ್ಟಿಯ ಮುಂದಿನ ಗುಳಿಗೆಯನ್ನೇ ತೆಗೆದುಕೊಳ್ಳಬಹುದು. ಮಾಲಾ-ಎನ್‌ನಂಥ ಪಟ್ಟಿಗಳಲ್ಲಿ ಇಪ್ಪತ್ತೊಂದು ಬಿಳಿಯ ಗುಳಿಗೆಗಳೂ ಸಮಾನವಾದುದರಿಂದ ಪಟ್ಟಿ ಒಂದು ದಿನ ಮೊದಲು ಮುಗಿಯುವುದೇ ಹೊರತು ಬೇರೆ ತೊಂದರೆಯಿಲ್ಲ. ಎರಡನೆಯ ಗುಳಿಗೆಯೂ ಹೊರಬಿದ್ದರೆ ಆ ದಿನದ ಗುಳಿಗೆ ತಪ್ಪಿತೆಂದೇ ಎಣಿಸಬೇಕು. ಒಂದು ದಿನ ತಪ್ಪಿದ ಮಾತ್ರಕ್ಕೆ ಭಯಪಡಬೇಕಾದುದಿಲ್ಲ. ಮೂರು ಗಂಟೆ ಕಳೆದ ಮೇಲೆ ಒಮ್ಮೆ ವಾಂತಿಯಾದರೆ ಗುಳಿಗೆ ದಕ್ಕಿತೆಂದೇ ತಿಳಿಯಬಹುದು.

ಘಾಟಿಯ ಪ್ರಯಾಣದಲ್ಲಿ ಹೊಟ್ಟೆ ತೊಳಸುವವರು ಮಲೆನಾಡಿನಲ್ಲಿ ಬಹುಮಂದಿ ಇದ್ದಾರೆ. ಅಂಥವರು ಬಸ್ಸು ಹತ್ತುವ ಮುಂಚೆ ಗುಳಿಗೆ ನುಂಗದೆ, ಊರು ತಲಪಿ ಊಟವಾದ ಮೇಲೆ ನುಂಗಬಹುದು. ಎರಡು ಹಾರ್ಮೋನುಗಳ ಗುಳಿಗೆ ಕೆಲವು ಗಂಟೆ ತಡವಾದರೆ ಅದರ ಗುಣ ಕೆಡುವುದಿಲ್ಲ. ಗುಳಿಗೆ ತೆಗೆದುಕೊಳ್ಳಲು ಆರಂಭಿಸಿದ ಮೊದಲ ಒಂದೆರಡು ತಿಂಗಳು ಅದರಿಂದಲೇ ಓಕರಿಕೆ ಬರುವುದುಂಟು. ಬರಿಯ ಹೊಟ್ಟೆಯಲ್ಲಿ ನುಂಗದೆ ರಾತ್ರಿಯ ಊಟದ ಅನಂತರ ನುಂಗಿ ಮಲಗುವುದು ಇದಕ್ಕೆ ಸುಲಭವಾದ ಪರಿಹಾರ.

ಭೇದಿಯಾದರೆ

ಒಂದೆರಡು ಬಾರಿ ಸಡಿಲವಾಗಿ ಹೋದ ಮಾತ್ರಕ್ಕೆ ಗುಳಿಗೆ ಹಾಳಾಗುವುದಿಲ್ಲ. ಕಾಯಿಲೆಯ ನಿಮಿತ್ತ ದೊಡ್ಡ ಕರುಳನ್ನೇ ತೆಗೆಸಿಕೊಂಡ ಸ್ತ್ರೀಯರಲ್ಲಿಯೂ ಗುಳಿಗೆಯ ಹಾರ್ಮೋನುಗಳು ಸರಿಯಾಗಿಯೇ ರಕ್ತಕ್ಕೆ ಸೇರುವುದನ್ನು ವೈದ್ಯರು ಪರೀಕ್ಷಿಸಿ ಕಂಡಿದ್ದಾರೆ. ಸಾರವನ್ನು ಹೀರುವ ಕೆಲಸ ಸಣ್ಣ ಕರುಳಿನ ಮೇಲುಭಾಗದಲ್ಲಿಯೇ ಮುಗಿಯುವುದು ಇದಕ್ಕೆ ಕಾರಣ. ದಿನಕ್ಕೆ ಆರೆಂಟು ಬಾರಿ ನೀರಿನಂತೆ ಹೋಗುತ್ತಿದ್ದರೆ ಮಾತ್ರ ಅದನ್ನು ತೀವ್ರವಾದ ಅತಿಸಾರವೆಂದು ಎಣಿಸಿ ಎಚ್ಚರ ವಹಿಸಬೇಕು.

ಇಂಥ ಅತಿಸಾರವಾಗಲಿ ವಾಂತಿಯಾಗಲಿ ಒಂದು ದಿನದಲ್ಲಿ ನಿಂತರೆ, ಗುಳಿಗೆಯನ್ನು ಎಂದಿನಂತೆ ಮುಂದುವರಿಸಿದರೆ ಸಾಕು. ಎರಡು ದಿನ, ಎಂದರೆ 48 ಗಂಟೆ ಮುಟ್ಟಿದರೆ ನೆನಪಿನಲ್ಲಿಡತಕ್ಕ ವಿಷಯಗಳು ಮೂರು.

ಮೊದಲನೆಯದು: ಗುಳಿಗೆಯನ್ನು ನಿಲ್ಲಿಸಬಾರದು. "ಹೇಗೂ ದಕ್ಕುವುದಿಲ್ಲ, ಸುಮ್ಮನೆ ಏಕೆ?" ಎಂದು ಬಿಟ್ಟುಬಿಡುವುದು ತಪ್ಪು. ದಕ್ಕಿದಷ್ಟು ದಕ್ಕಲಿ, ಅಭ್ಯಾಸವೂ ಲೆಕ್ಕವೂ ಉಳಿಯುತ್ತವೆ.

ಎರಡನೆಯದು: ಕಾಯಿಲೆಯ ದಿನಗಳಲ್ಲಿಯೂ, ಗುಣವಾದ ಮೇಲೆ ಸತತವಾಗಿ ಏಳು ಬಿಳಿಯ ಗುಳಿಗೆ ಮುಗಿಯುವವರೆಗೂ ನಿರೋಧ್ ಬಳಸಬೇಕು, ಇಲ್ಲವೇ ದಂಪತಿಗಳು ದೂರವಿರಬೇಕು. ಹೊಟ್ಟೆ ಸರಿಹೋದ ದಿನವೇ ರಕ್ಷಣೆಯೂ ಮರಳಿತೆಂದು ಭಾವಿಸುವುದೇ ಹಲವರು ಎಡವುವ ಸ್ಥಳ. ಕರುಳು ಒಂದೇ ದಿನದಲ್ಲಿ ಚೇತರಿಸಿಕೊಂಡೀತು. ಅಂಡಾಶಯವನ್ನು ಮತ್ತೆ ಮಲಗಿಸಲು ಏಳು ದಿನ ಬೇಕು.

ಮೂರನೆಯದು: ಬಿಳಿಯ ಗುಳಿಗೆಗಳ ಕೊನೆಯ ವಾರದಲ್ಲಿ ಕಾಯಿಲೆ ಬಂದಿದ್ದರೆ, ಕಬ್ಬಿಣದ ಏಳು ಗುಳಿಗೆಗಳನ್ನು ಬಿಟ್ಟು, ಬಿಳಿಯವು ಮುಗಿದ ಮರುದಿನವೇ ಹೊಸ ಪಟ್ಟಿಯನ್ನು ಆರಂಭಿಸಬೇಕು. ಆ ತಿಂಗಳು ಮುಟ್ಟು ಬಾರದೆ ಹೋಗಬಹುದು, ನಡುವೆ ಅಲ್ಪಸ್ವಲ್ಪ ರಕ್ತ ಕಾಣಿಸಿಕೊಳ್ಳಬಹುದು. ಅದಕ್ಕೆ ಹೆದರಬೇಕಾಗಿಲ್ಲ.

ಅತಿಸಾರದಲ್ಲಿ ಗುಳಿಗೆಗಿಂತ ಮೊದಲು ಕಾಯಬೇಕಾದುದು ಮೈಯ ನೀರನ್ನು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಒಂದು ಲೀಟರು ಶುದ್ಧವಾದ ನೀರಿಗೆ ಒಂದು ಪೊಟ್ಟಣ ಓ.ಆರ್.ಎಸ್. ಕಲಸಿ ಆಗಾಗ ಗುಟುಕರಿಸುತ್ತಿರಬೇಕು. ಪೊಟ್ಟಣ ಸಿಗದಿದ್ದರೆ ಅಷ್ಟೇ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು. ಇದರಿಂದ ಗುಳಿಗೆಗೆ ಯಾವ ಅಡ್ಡಿಯೂ ಇಲ್ಲ. ಮಲದಲ್ಲಿ ರಕ್ತ ಕಂಡರೆ, ಜ್ವರ ಏರಿದರೆ, ಮೂತ್ರ ಕಡಿಮೆಯಾದರೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಗುಳಿಗೆ ತೆಗೆದುಕೊಳ್ಳುವವರಿಗೆ ಹೊಟ್ಟೆಯಲ್ಲಿ ತಡೆಯಲಾಗದ ನೋವು, ಎದೆನೋವು, ಕಾಲಿನ ಮೀನಖಂಡದಲ್ಲಿ ಬಾವು, ಹಠಾತ್ತಾದ ತಲೆನೋವು, ಕಣ್ಣು ಮಂಜಾಗುವುದು, ಕಾಮಾಲೆ ಇವುಗಳಲ್ಲಿ ಯಾವುದು ಕಂಡರೂ ಅದನ್ನು ಬರಿಯ ಅಜೀರ್ಣವೆಂದು ತಳ್ಳಿಹಾಕದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

ಔಷಧಿಗಳ ಮಾತು

ಹೊಟ್ಟೆ ಕೆಟ್ಟಾಗ ವೈದ್ಯರು ಕೊಡುವ ಆ್ಯಂಟಿಬಯಾಟಿಕ್ ಔಷಧಿಗಳಿಂದ ಗುಳಿಗೆ ನಿಷ್ಫಲವಾಗುವುದೆಂಬ ನಂಬಿಕೆ ಬಹುಕಾಲ ವೈದ್ಯರಲ್ಲಿಯೇ ಇತ್ತು. ಅದಕ್ಕೊಂದು ತರ್ಕವೂ ಇತ್ತು. ಯಕೃತ್ತು ಈಸ್ಟ್ರೊಜೆನ್ನಿನ ಒಂದು ಭಾಗವನ್ನು ಪಿತ್ತರಸದೊಡನೆ ಮತ್ತೆ ಕರುಳಿಗೆ ಬಿಡುತ್ತದೆ. ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಅದನ್ನು ಬಿಡಿಸಿ ಮರಳಿ ರಕ್ತಕ್ಕೆ ಸೇರುವಂತೆ ಮಾಡುತ್ತವೆ. ಔಷಧಿ ಆ ಜೀವಿಗಳನ್ನು ಕೊಂದರೆ ಹಾರ್ಮೋನು ಕಡಿಮೆಯಾಗಬೇಕಷ್ಟೆ? ಆದರೆ ರಕ್ತವನ್ನು ಅಳೆದು ನೋಡಿದಾಗ ಸಾಮಾನ್ಯವಾದ ಆ್ಯಂಟಿಬಯಾಟಿಕ್‌ಗಳಿಂದ ಹಾಗಾಗುವುದು ಕಂಡುಬರಲಿಲ್ಲ. 2011ರಲ್ಲಿ ಬ್ರಿಟನ್ನಿನ ತಜ್ಞರು ತಮ್ಮ ಹಳೆಯ ಎಚ್ಚರಿಕೆಯನ್ನು ಹಿಂದೆಗೆದುಕೊಂಡರು. ಔಷಧಿಯಿಂದಲೇ ವಾಂತಿ ಭೇದಿಗಳಾದರೆ ಮಾತ್ರ ಮೇಲಿನ ನಿಯಮಗಳು ಅನ್ವಯಿಸುತ್ತವೆ.

ಇದಕ್ಕೆ ಅಪವಾದವೊಂದುಂಟು, ಅದು ಬಹು ಮುಖ್ಯವಾದುದು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಯಕೃತ್ತನ್ನು ಚುರುಕುಗೊಳಿಸಿ, ಹಾರ್ಮೋನನ್ನು ಬೇಗನೆ ನಾಶಮಾಡಿಸುತ್ತದೆ. ಇದು 1970ರ ದಶಕದ ಆರಂಭದಿಂದಲೂ ತಿಳಿದಿರುವ ಸಂಗತಿ. ಮೂರ್ಛೆರೋಗಕ್ಕೆ ಕೊಡುವ ಫೆನಿಟೊಯಿನ್, ಕಾರ್ಬಮಜೆಪಿನ್, ಫಿನೊಬಾರ್ಬಿಟಾಲ್ ಇವುಗಳದ್ದೂ ಅದೇ ಗುಣ. ಇವನ್ನು ಸೇವಿಸುವವರು ಗುಳಿಗೆಯನ್ನೇ ನೆಚ್ಚದೆ ವೈದ್ಯರಿಂದ ಬೇರೊಂದು ಉಪಾಯವನ್ನು ಕೇಳಿ ತಿಳಿಯಬೇಕು.

ಮನೆಯ ಔಷಧಿಯ ಬಗ್ಗೆಯೂ ಒಂದು ಮಾತು. ಹೊಟ್ಟೆ ಶುದ್ಧಿಗೆಂದು ಹರಳೆಣ್ಣೆ ಕುಡಿಯುವ ಪದ್ಧತಿ ಹಲವು ಮನೆಗಳಲ್ಲಿ ಇನ್ನೂ ಇದೆ. ಎಣ್ಣೆಯಿಂದಾದ ಭೇದಿಯೂ ಭೇದಿಯೇ. ಬಹಳ ಸಲ ಹೋಗುವಂತಾದರೆ ಕಾಯಿಲೆಯ ಭೇದಿಗೆ ಹೇಳಿದ ಎಚ್ಚರವನ್ನೇ ಅಲ್ಲಿಯೂ ವಹಿಸಬೇಕು.

ಬೇರೆ ಗುಳಿಗೆಗಳು, ಬೇರೆ ಉಪಾಯಗಳು

ಮೇಲಿನ ನಿಯಮಗಳು ಎರಡು ಹಾರ್ಮೋನುಗಳ ಗುಳಿಗೆಗೆ ಸಂಬಂಧಿಸಿದುವು. ಒಂದೇ ಹಾರ್ಮೋನಿನ ಗುಳಿಗೆಗಳೂ ಉಂಟು. ಮೊಲೆಯೂಡಿಸುವ ತಾಯಂದಿರಿಗೆ ವೈದ್ಯರು ಅವನ್ನು ಕೊಡುವುದುಂಟು. ಅವುಗಳಲ್ಲಿ ವೇಳೆಯ ಕಟ್ಟುನಿಟ್ಟು ಹೆಚ್ಚು. ನುಂಗಿದ ಮೂರು ಗಂಟೆಯೊಳಗೆ ವಾಂತಿಯಾಗಲಿ ತೀವ್ರವಾದ ಭೇದಿಯಾಗಲಿ ಆದರೆ ಇನ್ನೊಂದನ್ನು ನುಂಗಬೇಕು. ಗುಣವಾದ ಮೇಲೆ ಎರಡು ದಿನದವರೆಗೆ ನಿರೋಧ್ ಬಳಸಬೇಕು. ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯದಲ್ಲಿ ಕಂಡುಹಿಡಿದ ಸೆಂಟ್‌ಕ್ರೋಮನ್, 'ಛಾಯಾ' ಎಂಬ ಹೆಸರಿನಿಂದ ಸರ್ಕಾರಿ ಕೇಂದ್ರಗಳಲ್ಲಿ ದೊರೆಯುತ್ತದೆ. ಅದು ಹಾರ್ಮೋನಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಅನಂತರ ವಾರಕ್ಕೆ ಒಂದು ನುಂಗತಕ್ಕದ್ದು. ಅದರ ಲೆಕ್ಕ ಬೇರೆಯಾದುದರಿಂದ, ನುಂಗಿದೊಡನೆ ವಾಂತಿಯಾದವರು ಆರೋಗ್ಯ ಕೇಂದ್ರದಲ್ಲಿ ವಿಚಾರಿಸುವುದು ಕ್ಷೇಮ.

ಕರುಳಿನ ಹಳೆಯ ವ್ಯಾಧಿಯಿಂದ ಮೇಲಿಂದ ಮೇಲೆ ಹೊಟ್ಟೆ ಕೆಡುವವರಿಗೆ ಗುಳಿಗೆಯೇ ಆಗಬೇಕೆಂಬ ಹಟವೇಕೆ? ಗರ್ಭಕೋಶದಲ್ಲಿರಿಸುವ ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ 'ಅಂತರಾ' ಚುಚ್ಚುಮದ್ದು ಇವೆರಡಕ್ಕೂ ಜಠರದ ಹಂಗಿಲ್ಲ. ಇಂಥ ವಿಷಯಗಳನ್ನು ವಿಚಾರಿಸುವುದರಲ್ಲಿ ಸಂಕೋಚವೂ ಸಲ್ಲದು. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿಸಿದ ನಾಡು ಇದು. ಈಗ ಆಶಾ ಕಾರ್ಯಕರ್ತೆಯರು ಗುಳಿಗೆಯನ್ನೂ ನಿರೋಧನ್ನೂ ಮನೆಯ ಬಾಗಿಲಿಗೇ ತಂದುಕೊಡುತ್ತಾರೆ.

ತಡವಾಗಿ ತಿಳಿದಾಗ

ಈ ನಿಯಮಗಳೊಂದೂ ತಿಳಿಯದೆ ದಿನ ಕಳೆದುಹೋಗಿದ್ದರೆ? ಪಟ್ಟಿಯ ಮೊದಲ ವಾರದಲ್ಲಿ ಕಾಯಿಲೆಯಾಗಿ, ಕಳೆದ ಐದು ದಿನಗಳೊಳಗೆ ದಂಪತಿಗಳು ಕೂಡಿದ್ದರೆ, ತಡಮಾಡದೆ ವೈದ್ಯರನ್ನು ಕಂಡು ತುರ್ತು ಗುಳಿಗೆಯ ವಿಷಯ ಕೇಳಬೇಕು. 1.5 ಮಿಲಿಗ್ರಾಂ ಲಿವೊನಾರ್ಜೆಸ್ಟ್ರೆಲ್ ಇರುವ ಆ ಗುಳಿಗೆಯನ್ನು 72 ಗಂಟೆಗಳೊಳಗೆ, ಎಷ್ಟು ಬೇಗನೆ ಆದರೆ ಅಷ್ಟು ಬೇಗನೆ ನುಂಗಬೇಕು. ಅದನ್ನು ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಅದೂ ದಕ್ಕಲಿಲ್ಲವೆಂದೇ ತಿಳಿದು ಇನ್ನೊಮ್ಮೆ ತೆಗೆದುಕೊಳ್ಳಬೇಕು.

ಮುಟ್ಟು ತಪ್ಪಿದರೆ ಊಹೆಯಲ್ಲಿ ಕಾಲ ಕಳೆಯದೆ ಮೂತ್ರಪರೀಕ್ಷೆ ಮಾಡಿಸಬೇಕು. ಬಸಿರಿನ ಮೊದಲ ವಾರಗಳ ಓಕರಿಕೆಯೂ ಹೊಟ್ಟೆ ಕೆಟ್ಟ ಓಕರಿಕೆಯೂ ಒಂದನ್ನೊಂದು ಹೋಲುವುದರಿಂದ ಎಷ್ಟೋ ಮನೆಗಳಲ್ಲಿ ಅಮೂಲ್ಯವಾದ ದಿನಗಳು ಕಷಾಯದಲ್ಲಿಯೇ ಕಳೆದುಹೋಗುತ್ತವೆ. ತಿಳಿಯದೆ ಗುಳಿಗೆ ನುಂಗಿದುದರಿಂದ ಕೂಸಿಗೆ ಅಂಗವೈಕಲ್ಯ ಬಂದೀತೆಂಬ ಭಯ ಬೇಡ, ಹಾಗಾಗುವುದಿಲ್ಲವೆಂಬುದು ಸಿದ್ಧವಾಗಿದೆ. ಗರ್ಭವಿರುವುದು ಗೊತ್ತಾದೊಡನೆ ಗುಳಿಗೆಯನ್ನು ನಿಲ್ಲಿಸಿದರಾಯಿತು. ಗರ್ಭನಿರೋಧಕದ ವೈಫಲ್ಯದಿಂದ ನಿಂತ ಬಸಿರನ್ನು ಮುಂದುವರಿಸಲಾರದ ಸ್ತ್ರೀಗೆ 1971ರ ಕಾಯಿದೆಯೂ ಅದಕ್ಕೆ 2021ರಲ್ಲಿ ಆದ ತಿದ್ದುಪಡಿಯೂ, 20 ವಾರಗಳವರೆಗೆ ಅರ್ಹ ವೈದ್ಯರೊಬ್ಬರ ಅಭಿಪ್ರಾಯದ ಮೇಲೆ ಸುರಕ್ಷಿತವಾದ ಮಾರ್ಗವನ್ನು ತೆರೆದಿಟ್ಟಿವೆ. ಕಳ್ಳಮದ್ದಿನ ಮೊರೆಹೊಕ್ಕು ಪ್ರಾಣಕ್ಕೆ ಎರವಾಗಬೇಕಾದುದಿಲ್ಲ.

ಆ ಉಪಾಧ್ಯಾಯಿನಿಯ ಮಾತಿಗೆ ಹಿಂದಿರುಗಿದರೆ, ಡಾಕ್ಟರಮ್ಮ ಖಾಲಿ ಪಟ್ಟಿಯನ್ನು ಕೈಯಲ್ಲಿ ಹಿಡಿದು, "ಆ ತಿಂಗಳು ಎಲ್ಲಿಗಾದರೂ ಹೋಗಿದ್ದೆಯೇನಮ್ಮ? ಹೊಟ್ಟೆಗಿಟ್ಟೆ ಕೆಟ್ಟಿತ್ತೆ?" ಎಂದು ಕೇಳಿದರು. ಆಕೆ ಘಾಟಿಯ ವಾಂತಿಯನ್ನೂ ಮೂರು ದಿನದ ಭೇದಿಯನ್ನೂ ಹೇಳಿದಳು. ಡಾಕ್ಟರಮ್ಮ ಗಂಡನ ಕಡೆ ತಿರುಗಿ, "ಇವಳು ಮರೆತಿಲ್ಲಪ್ಪ. ನುಂಗಿದ್ದು ದಕ್ಕಿಲ್ಲ, ಅಷ್ಟೆ. ಇದನ್ನು ಹೇಳದೆ ಇದ್ದದ್ದು ನಮ್ಮ ತಪ್ಪು" ಎಂದರು. ಆತ ತಲೆ ತಗ್ಗಿಸಿದ. ಮುಂದೇನು ಎಂಬುದನ್ನು ಅಂದು ಆತ ಹೇಳಲಿಲ್ಲ, ಆಕೆಯನ್ನೇ ಕೇಳಿದ. ಆಕೆ ಎರಡು ದಿನ ಯೋಚಿಸಿ ಬಸಿರನ್ನು ಉಳಿಸಿಕೊಂಡಳು. ಕಬ್ಬಿಣದ ಗುಳಿಗೆ, ತಿಂಗಳಿಗೊಮ್ಮೆ ಪರೀಕ್ಷೆ, ಅತ್ತೆಯ ಕೈಯ ಸೊಪ್ಪಿನ ಹುಳಿ ಇವುಗಳ ಬಲದಿಂದ ದಿನ ತುಂಬಿಸಿ, ದೊಡ್ಡ ಆಸ್ಪತ್ರೆಯಲ್ಲಿ ಹೆತ್ತಳು. ತಾಯಿಯೂ ಮಗುವೂ ಉಳಿದರು. ಎಲ್ಲರಿಗೂ ಹಾಗೆಯೇ ಆಗುವುದೆಂದು ಯಾರು ಹೇಳಬಲ್ಲರು?

ಎರಡು ವರ್ಷದ ಮೇಲೆ ಆಕೆಯ ಓರಗಿತ್ತಿ ತವರಿಗೆಂದು ಅದೇ ಘಾಟಿಯ ಬಸ್ಸಿಗೆ ಹೊರಟು ನಿಂತಾಗ, ಕಾಫಿಯ ಲೋಟದ ಪಕ್ಕದಲ್ಲಿದ್ದ ಗುಳಿಗೆಯನ್ನು ಈಕೆಯೇ ಎತ್ತಿ ಚೀಲದಲ್ಲಿಟ್ಟಳು. "ಈಗ ಬೇಡ ಕಣೆ. ಕೆಳಗಿಳಿದು ಊಟ ಮಾಡಿದ ಮೇಲೆ ನುಂಗು. ಇನ್ನೊಂದು ಪಟ್ಟಿಯೂ ಇಟ್ಟಿದ್ದೇನೆ" ಎಂದಳು.